ದೋಣಿಯನ್ನು ಹಗುರ ಮಾಡಿದ್ದು

ನನ್ನ ಅಕ್ಕ ಉಣ್ಣುವುದನ್ನು ಬಿಟ್ಟದ್ದು ನಾನು ಆಡಿದ ಒಂದು ಮಾತಿನಿಂದ. ಆ ಮಾತು ಸುಳ್ಳು. ಸುಳ್ಳೆಂದು ಗೊತ್ತಿದ್ದವನು ನಾನೊಬ್ಬನೇ. ಬಾಯಿ ಬಿಟ್ಟು ನಿಜ ಹೇಳಿದರೆ ಅವಳು ಬದುಕಿಕೊಳ್ಳುತ್ತಿದ್ದಳು, ಆದರೆ ನನಗೆ ಅಕ್ಕ ಇಲ್ಲದಂತಾಗುತ್ತಿತ್ತು. ಹೇಳದಿದ್ದರೆ ಅವಳು ನನ್ನ ಕಣ್ಣೆದುರೇ ಸವೆದು ಹೋಗುತ್ತಿದ್ದಳು. ಎರಡು ವರ್ಷ ನಾನು ಹೇಳಲಿಲ್ಲ. ಹೇಡಿ ಎನ್ನಿ, ಇನ್ನೂ ಕೆಟ್ಟ ಶಬ್ದವಿದ್ದರೆ ಅದನ್ನೂ ಅನ್ನಿ, ನನ್ನ ತಕರಾರಿಲ್ಲ.

ಈ ಕಡೆಯವರಿಗೆ ನಾನು ಟಾಕಿಯವನು. ಭಿವಂಡಿಯ ಗೋದಾಮುಗಳ ಸಾಲಿನ ಹಿಂದೆ ನನ್ನದೊಂದು ತಗಡಿನ ಶೆಡ್ಡು ಇದೆ. ಅಲ್ಲಿ ಫೈಬರಿನ ನೀರಿನ ಟಾಕಿಗಳನ್ನು ಮಾಡುತ್ತೇನೆ, ಒಡೆದವನ್ನು ತೇಪೆ ಹಾಕುತ್ತೇನೆ. ಭಾವ, ಅಂದರೆ ಅಕ್ಕನ ಗಂಡ, ಪಂಪಿನವರು. ಡೊಂಬಿವಲಿ ಪೂರ್ವದಲ್ಲಿ ಅವರ ಅಂಗಡಿ, ಅಲ್ಲಿಂದ ಎರಡು ಗಲ್ಲಿ ದಾಟಿದರೆ ಮನೆ. ಇಬ್ಬರೂ ಕರಾವಳಿಯಿಂದ ಹೋಟೆಲ್ ಕೆಲಸಕ್ಕೆಂದು ಬಂದವರು, ಹೋಟೆಲಿನ ಹೊಗೆ ಸಾಕಾಗಿ ನೀರಿನ ಕೆಲಸಕ್ಕೆ ಬಿದ್ದವರು. ಮದುವೆ ಗಿದುವೆ ನನಗೆ ಒಗ್ಗಲಿಲ್ಲ. ಕಲ್ಯಾಣದ ಒಂದು ಖೋಲಿಯಲ್ಲಿ ಒಬ್ಬನೇ ಇದ್ದೇನೆ. ಯಾವುದಾದರೂ ಕಟ್ಟಡದ ಸೊಸೈಟಿಯವರು ಕರೆದರೆ ನಾನೂ ಭಾವನೂ ಒಟ್ಟಿಗೇ ಟೆರೇಸು ಹತ್ತುತ್ತಿದ್ದೆವು. ನಮ್ಮೊಳಗೆ ಒಂದು ಕಟ್ಟಳೆ ಇತ್ತು. ಟಾಕಿಯ ವಿಷಯದಲ್ಲಿ ಅವರು ಬಾಯಿ ಹಾಕಬಾರದು, ಪಂಪಿನ ವಿಷಯದಲ್ಲಿ ನಾನು ಹಾಕಬಾರದು. ಒಮ್ಮೆ ಅವರಿಲ್ಲದಾಗ ನಾನು ಒಂದು ವಾಲ್ವನ್ನು ತಿರುಗಿಸಿದೆನೆಂದು ಮೂರು ದಿನ ನನ್ನ ಹತ್ತಿರ ಮಾತೇ ಬಿಟ್ಟಿದ್ದರು ಮಾರಾಯರು!

ದೋಣಿ ನಮ್ಮ ತಲೆಗೆ ಹತ್ತಿದ್ದು ನನ್ನ ಶೆಡ್ಡಿನಿಂದಲೇ. ರೆಸಾರ್ಟಿಗೆಂದು ಯಾರೋ ಒಬ್ಬ ಒಂದು ಹಳೆಯ ಫೈಬರ್ ದೋಣಿಯನ್ನು ರಿಪೇರಿಗೆ ತಂದು ಹಾಕಿ ಹೋದವನು ತಿರುಗಿ ಬರಲಿಲ್ಲ. ಮೂರು ವರ್ಷ ಅದು ಮೂಲೆಯಲ್ಲಿ ಮಳೆ ನೀರು ಕುಡಿಯುತ್ತಾ ಬಿದ್ದಿತ್ತು. ಭಾವ ಅದರ ಸುತ್ತ ಸುತ್ತು ಹಾಕುತ್ತಿದ್ದರು. ಒಂದು ದಿನ ಭಂಗಾರ್ ಎನ್ನುವ ಗುಜರಿ ಅಂಗಡಿಯಿಂದ ಒಡೆದ ವಾಟರ್ ಸ್ಕೂಟರೊಂದರ ಜೆಟ್ ಭಾಗವನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಂದರು.

"ಇದು ಎಂತದು ಹೇಳು ನೋಡುವ," ಎಂದರು.

"ಎಂತದು?"

"ಪಂಪು ಮಾರಾಯ! ಜೆಟ್ಟು ಗಿಟ್ಟು ಎಲ್ಲ ಸುಮ್ಮನೆ ಹೆಸರು. ಕೆಳಗಿಂದ ನೀರು ಎಳ್ಕೊಳ್ತದೆ, ಹಿಂದಕ್ಕೆ ಉಗೀತದೆ, ದೋಣಿ ಮುಂದಕ್ಕೆ ಹೋಗ್ತದೆ. ಇಪ್ಪತ್ತೈದು ವರ್ಷದಿಂದ ಇದನ್ನೇ ತಾನೆ ನಾನು ಮಾಡ್ತಾ ಇರೋದು. ಬಿಲ್ಡಿಂಗು ಮುಂದೆ ಹೋಗ್ಲಿಲ್ಲ ಅಷ್ಟೆ."

ಅಕ್ಕ ಕೇಳಿ ತಲೆ ಚಚ್ಚಿಕೊಂಡಳು. ಐವತ್ತು ದಾಟಿದ ಇಬ್ಬರು ಗಂಡಸರಿಗೆ ಮರುಳು ಹಿಡಿದಿದೆ ಎಂದಳು. ಹಿಡಿದಿತ್ತು, ಸುಳ್ಳಲ್ಲ. ಹಳೆಯ ಕಾರಿನ ಎಂಜಿನ್ ಒಂದನ್ನು ಕೂರಿಸಿ, ಅದಕ್ಕೆ ಆ ಪಂಪನ್ನು ಹೊಂದಿಸುವ ಹೊತ್ತಿಗೆ ಒಂದೂವರೆ ವರ್ಷ ಕಳೆಯಿತು. ನವಿ ಮುಂಬಯಿಯ ಹಿಂದಿನ ಗುಡ್ಡದಲ್ಲಿ ನೀರು ತುಂಬಿದ ಒಂದು ಹಳೆಯ ಕಲ್ಲುಕ್ವಾರಿ ಇದೆ. ನಮ್ಮಂಥ ಕೆಲವು ಹುಚ್ಚರು ಚಳಿಗಾಲದ ಭಾನುವಾರಗಳಲ್ಲಿ ಅಲ್ಲಿ ಸೇರಿ ದೋಣಿಗಳನ್ನು ಎರಡೆರಡಾಗಿ ಓಡಿಸುತ್ತಿದ್ದರು. ತಿರುವು ಗಿರುವು ಏನಿಲ್ಲ, ನೇರ ಇನ್ನೂರು ಮೀಟರು. ಡ್ರ್ಯಾಗ್ ಎನ್ನುವುದು ಇದಕ್ಕೇ. ನಿಂತಲ್ಲಿಂದ ಎದ್ದು ಯಾರು ಮೊದಲು ಆ ತುದಿಗೆ ಮುಟ್ಟುತ್ತಾರೆ ಎನ್ನುವುದೊಂದೇ ಲೆಕ್ಕ.

ಮೊದಲ ಚಳಿಗಾಲವೆಲ್ಲ ನಾವು ಸೋತೆವು. ಸೋತದ್ದೂ ಒಂದೇ ರೀತಿ. ಕೆಂಪು ಬಾವುಟ ಕೆಳಗಿಳಿದ ಕೂಡಲೇ ಪಕ್ಕದ ದೋಣಿ ಹಾರಿಬಿಡುತ್ತಿತ್ತು, ನಮ್ಮದು ಹೆರಿಗೆ ನೋವು ತಿನ್ನುವ ಎಮ್ಮೆಯ ಹಾಗೆ ಮೂಗೆತ್ತಿಕೊಂಡು ಒದ್ದಾಡುತ್ತಿತ್ತು. ಕೊನೆಯ ಐವತ್ತು ಮೀಟರಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ಆ ಕಡೆಯವರು ಎಂಜಿನ್ ನಿಲ್ಲಿಸಿ ಬಾಟಲಿಯಿಂದ ನೀರು ಕುಡಿಯುತ್ತಿರುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ತೂಕ ಜಾಸ್ತಿಯಾದರೆ ಸ್ಪೀಡು ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ತೂಕ ನಿಜವಾಗಿ ಕಾಡುವುದು ಪಿಕಪ್ಪಿನಲ್ಲಿ, ಎದ್ದೇಳುವ ಹೊತ್ತಿನಲ್ಲಿ. ನಿಂತ ದೋಣಿ ನೀರಿನೊಳಗೆ ಕೂತಿರುತ್ತದೆ. ಥ್ರಾಟಲ್ ಒತ್ತಿದರೆ ಹಿಂಭಾಗ ಇನ್ನೂ ತಗ್ಗಿ ಮೂಗು ಮೇಲೇಳುತ್ತದೆ. ಅದು ತಾನೇ ಎಬ್ಬಿಸಿದ ಅಲೆಯ ದಿನ್ನೆಯನ್ನು ಹತ್ತಿ ಮುಂದೆ ಬೀಳಬೇಕು. ಬಿದ್ದ ಮೇಲೆ ಅದು ನೀರನ್ನು ಸೀಳುವುದಿಲ್ಲ, ಮೇಲಿಂದ ಜಾರುತ್ತದೆ. ಭಾರದ ದೋಣಿ ಹೊಟ್ಟೆಯನ್ನು ಹೆಚ್ಚು ನೀರಿಗೆ ತಾಗಿಸಿಕೊಂಡು ಜಾರುವುದರಿಂದ ಕೊನೆಯ ಸ್ಪೀಡಿನಲ್ಲೂ ಚೂರು ಕಳೆದುಕೊಳ್ಳುತ್ತದೆ, ಆದರೆ ಅದು ಚೂರೇ. ಆ ದಿನ್ನೆ ಹತ್ತುವಾಗ ಮಾತ್ರ ಒಂದೊಂದು ಕಿಲೋ ಕೂಡ ಕಾಲು ಹಿಡಿದು ಎಳೆಯುತ್ತದೆ. ಇನ್ನೂರು ಮೀಟರಿನ ಓಟದಲ್ಲಿ ದಿನ್ನೆ ಹತ್ತಲು ತಡಮಾಡಿದವನು ಆಮೇಲೆ ಗಾಳಿಯಾಗಿ ಓಡಿದರೂ ಸುಖವಿಲ್ಲ.

ಇದನ್ನು ನನಗೆ ಅರ್ಥಮಾಡಿಸಿದವರು ಭಾವ, ಅದೂ ಲೋಕಲ್ ಗಾಡಿಯ ಬಾಗಿಲಲ್ಲಿ ನೇತಾಡುತ್ತಾ.

"ನೋಡು, ಬೆಳಿಗ್ಗೆ ಜನ ತುಂಬ್ಕೊಂಡು ಡೊಂಬಿವಲಿ ಬಿಡುವಾಗ ಗಾಡಿ ಹೆಂಗೆ ತಿಣುಕಿ ಏಳ್ತದೆ ಅಂತ. ಮಧ್ಯಾಹ್ನ ಇದೇ ಗಾಡಿ ಖಾಲಿ ಇರ್ಲಿ, ಝಟ್ ಅಂತ ಹೋಗ್ತದೆ. ಮುಂದೆ ಹೋದ್ಮೇಲೆ ಎರಡಕ್ಕೂ ಅದೇ ಸ್ಪೀಡು. ಎದ್ದೇಳುವುದರಲ್ಲೇ ಎಲ್ಲ ಇರೋದು."

ಗಾಡಿಯ ವಿಷಯ ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಆದರೆ ಅಂದಿನಿಂದ ನಮ್ಮಿಬ್ಬರಿಗೂ ತೂಕದ ಹುಚ್ಚು ಹಿಡಿಯಿತು. ಸೀಟಿನ ಸ್ಪಂಜು ಕಿತ್ತೆವು. ಕಬ್ಬಿಣದ ಬೋಲ್ಟುಗಳನ್ನು ತೆಗೆದು ಅಲ್ಯುಮಿನಿಯಂ ಹಾಕಿದೆವು. ಬಣ್ಣ ಉಜ್ಜಿದೆವು. ಆದರೂ ದೋಣಿ ಒದ್ದಾಡುತ್ತಲೇ ಇತ್ತು. ಲೆಕ್ಕಕ್ಕೆ ಸಿಗದ ಯಾರೋ ಒಬ್ಬರು ಅದರೊಳಗೆ ಕೂತಿದ್ದಾರೆ ಎಂದು ಭಾವ ತಮಾಷೆ ಮಾಡುತ್ತಿದ್ದರು. ಆಗ ನಕ್ಕಿದ್ದೆ.

ಆ ಗುಟ್ಟನ್ನು ಕಂಡುಹಿಡಿದವನು ನಾನು, ಟಾಕಿಯವನು. ಟಾಕಿಯ ಗೋಡೆಗೆ ಬೆರಳ ಗೆಣ್ಣಿನಿಂದ ಬಡಿದು, ಎಲ್ಲಿ ದಪ್ಪ, ಎಲ್ಲಿ ಬಿರುಕು, ನೀರು ಎಲ್ಲಿಯವರೆಗೆ ನಿಂತಿದೆ ಎಂದು ಹೇಳುವುದು ನನಗೆ ಅಭ್ಯಾಸ. ಒಂದು ಮಧ್ಯಾಹ್ನ ಸುಮ್ಮನೆ ದೋಣಿಯ ನೆಲಕ್ಕೆ ಬಡಿದೆ. ಒಣಗಿದ ಸದ್ದು ಬರಬೇಕಾದಲ್ಲಿ ದಬ್ ದಬ್ ಎಂದಿತು. ನೆಲವನ್ನು ಕೊಯ್ದು ನೋಡಿದೆ. ಇಂಥ ದೋಣಿಗಳ ನೆಲ ಮತ್ತು ತಳದ ನಡುವಿನ ಟೊಳ್ಳಿನಲ್ಲಿ ಫೋಮ್ ತುಂಬಿರುತ್ತಾರೆ. ತಳ ಒಡೆದರೂ ದೋಣಿ ಮುಳುಗದೆ ನೀರಿನ ಮಟ್ಟದಲ್ಲಿ ತೇಲಿಕೊಂಡಿರಲಿ ಎಂದು ಅದು. ನಮ್ಮ ದೋಣಿಯ ಫೋಮ್ ಮೂರು ಮಳೆಗಾಲದ ನೀರನ್ನು ಕುಡಿದು ಸೊಕ್ಕಿತ್ತು. ಹಿಂಡಿದರೆ ಕಪ್ಪು ನೀರು ಸುರಿಯುತ್ತಿತ್ತು. ಎಲ್ಲವನ್ನೂ ಕೆರೆದು ಚೀಲಕ್ಕೆ ತುಂಬಿ ತೂಗಿದೆ. ಮೂವತ್ತೆಂಟು ಕಿಲೋ! ಖುಷಿಯಿಂದ ಶೆಡ್ಡಿನಲ್ಲಿ ಒಬ್ಬನೇ ಕುಣಿದೆ. ಆ ಕುಣಿತ ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹೊಸ ಫೋಮ್ ತುಂಬಿದರೆ ನಾಲ್ಕೈದು ಕಿಲೋ ಅಷ್ಟೇ ಆಗುತ್ತಿತ್ತು. ಅದನ್ನೂ ನಾನು ಹಾಕಲಿಲ್ಲ. ಯಾಕೆ ಹಾಕಬೇಕು? ಮುಚ್ಚಿದ ಖಾಲಿ ಟಾಕಿಯನ್ನು ನೀರಿಗೆ ಎಸೆದರೆ ಅದು ಮುಳುಗುತ್ತದೆಯೇ? ಕೆರೆ ದಾಟಲು ಜನ ನನ್ನ ಟಾಕಿಗಳನ್ನು ಕಟ್ಟಿಕೊಂಡು ಹೋದದ್ದನ್ನು ಕಂಡವನು ನಾನು. ಒಳಗಿನ ಅಡ್ಡಗೋಡೆಗಳನ್ನೂ ಕಿತ್ತು, ಮೂಗಿನಿಂದ ನಡುವಿನವರೆಗೆ ಒಂದೇ ಟೊಳ್ಳು ಮಾಡಿ, ನೆಲವನ್ನು ನಾಲ್ಕು ಪದರ ಫೈಬರಿನಿಂದ ಬೆಸೆದೆ. ನನ್ನ ಬೆಸುಗೆ ಸೋರಿದ್ದು ಇಲ್ಲ, ಆ ಸೊಕ್ಕು ನನ್ನದು. ಆದರೆ ಟಾಕಿ ಟೆರೇಸಿನ ಮೇಲೆ ಅಲ್ಲಾಡದೆ ಕೂತಿರುತ್ತದೆ, ದೋಣಿಯ ತಳ ಕಲ್ಲಿಗೆ ಬಡಿಯುತ್ತದೆ. ಅಷ್ಟು ಸಣ್ಣ ವಿಷಯ ನನ್ನ ದೊಡ್ಡ ತಲೆಗೆ ಹೊಳೆಯಲಿಲ್ಲ.

ಭಾವ ಬಂದು ನೋಡಿದರು. ನೆಲವನ್ನು ಒಮ್ಮೆ ಕಾಲಿನಿಂದ ಒತ್ತಿದರು.

"ಒಳಗೆ ಪೂರಾ ಖಾಲಿಯಾ?"

"ಪೂರಾ. ಗಾಳಿ ತುಂಬಿದ ಟಾಕಿ ಮುಳುಗ್ತದಾ ಭಾವ?"

ಅವರು ಏನೋ ಹೇಳಲು ಬಾಯಿ ತೆರೆದರು. ಆಮೇಲೆ ನಕ್ಕು, "ಟಾಕಿ ನಿಂದು ಮಾರಾಯ, ನಾನ್ಯಾಕೆ ಮಾತಾಡ್ಲಿ," ಎಂದು ಪಂಪಿನ ಕಡೆ ಹೋದರು. ಅವರು ಏನು ಹೇಳಲು ಹೊರಟಿದ್ದರು ಎನ್ನುವುದು ನನಗೆ ಇನ್ನು ಯಾವತ್ತೂ ತಿಳಿಯುವುದಿಲ್ಲ.

ದೋಣಿ ಹಗುರವಾದ ಮೇಲೆ ಮೊದಲ ಓಟದಲ್ಲೇ ಸುಮಾರು ಒಂದು ಸೆಕೆಂಡು ಉಳಿಯಿತು. ಇನ್ನೂರು ಮೀಟರಿನಲ್ಲಿ ಒಂದು ಸೆಕೆಂಡು ಎಂದರೆ ಸಣ್ಣ ಮಾತಲ್ಲ. ನಾವು ಗೆದ್ದೆವು. ಗೆದ್ದ ಅಮಲಿನಲ್ಲಿ ಭಾವ ತಮ್ಮ ಹೊಟ್ಟೆಯನ್ನು ತಟ್ಟಿಕೊಂಡು, ಇನ್ನು ತೆಗೆಯಬೇಕಾದ ತೂಕ ಇದೊಂದೇ ಎಂದರು. ಮುಂದಿನ ಓಟಕ್ಕೆ ಎರಡು ವಾರ ಇತ್ತು. ಅವರು ಎಂಬತ್ತನಾಲ್ಕು ಕಿಲೋ ಇದ್ದರು. ಐದಾರು ಕಿಲೋದಿಂದ ಅಂಥ ವ್ಯತ್ಯಾಸವೇನೂ ಆಗದು ಎಂದು ನನಗೆ ಗೊತ್ತಿತ್ತು. ಆದರೂ, "ಆಗ್ಲಿ, ಇಳಿಸಿ," ಎಂದೆ. ಗೆಲ್ಲುವ ಹುಚ್ಚು ಹಾಗಿರುತ್ತದೆ.

ಅಕ್ಕನ ಕೈಗೆ ಅವರೇ ಕಾವಲು ಕೊಟ್ಟರು. "ನಾನು ಅತ್ತರೂ ಅನ್ನ ಹಾಕ್ಬೇಡ," ಎಂದು ನನ್ನೆದುರೇ ಆಣೆ ಹಾಕಿಸಿಕೊಂಡರು. ಅಕ್ಕ ಬೈದಳು, ಗೊಣಗಿದಳು, ಆಮೇಲೆ ಆಟಕ್ಕೆ ಸೇರಿದಳು. ಬೆಳಿಗ್ಗೆ ಗಂಜಿ ತಿಳಿ, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಒಂದು ಚಪಾತಿ. ಓಟದ ಹಿಂದಿನ ದಿನ ಮನೆಯಲ್ಲಿ ಬಂಗುಡೆ ಸಾರು ಮಾಡಿದ್ದಳಂತೆ. ಭಾವ ತಟ್ಟೆ ಹಿಡಿದುಕೊಂಡು ಅಡುಗೆ ಮನೆಗೆ ಬಂದು, "ಒಂದೇ ಸೌಟು ಅನ್ನ ಹಾಕೇ," ಎಂದರಂತೆ. ಇವಳು ನಗುತ್ತಾ ತಟ್ಟೆಯನ್ನು ಕಿತ್ತುಕೊಂಡು, "ಗೆದ್ದು ಬನ್ನಿ, ಕುಕ್ಕರು ತುಂಬ ಹಾಕ್ತೇನೆ," ಎಂದಳಂತೆ. ಈ ಮಾತುಗಳನ್ನು ನಾನು ಅವಳ ಬಾಯಿಂದ ಎಷ್ಟು ಸಲ ಕೇಳಿದ್ದೇನೋ. ಒಂದಕ್ಷರ ಬದಲಾಗುವುದಿಲ್ಲ.

ಆ ಭಾನುವಾರ ಕ್ವಾರಿಯ ನೀರು ಇಳಿದಿತ್ತು. ಆ ತುದಿಯ ಬಂಡೆಯ ಮೆಟ್ಟಿಲು ನೀರಿನ ಕೆಳಗೆ ಗೇಣು ಆಳಕ್ಕೇ ಬಂದಿತ್ತು. ಅದು ಯಾರಿಗೂ ಕಾಣಿಸಲಿಲ್ಲ. ಭಾವ ಗೆದ್ದರು. ಗೆರೆ ದಾಟಿ ಕೈ ಎತ್ತಿದ್ದನ್ನು ನಾನು ದಡದಿಂದ ಕಂಡೆ. ಥ್ರಾಟಲ್ ಬಿಟ್ಟ ಕೂಡಲೇ ಅವರದೇ ಅಲೆ ಹಿಂದಿನಿಂದ ಬಂದು ದೋಣಿಯನ್ನು ಎತ್ತಿತು. ಮುಂಭಾಗ ಹಗುರವಾಗಿದ್ದ ದೋಣಿ ಮೂಗೆತ್ತಿ, ಕುಪ್ಪಳಿಸಿ, ಆ ಬಂಡೆಯ ಮೇಲೆಯೇ ಬಡಿದುಕೊಂಡಿತು. ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ. ತಳ ಬಿರಿಯಿತು. ನಾನು ಮಾಡಿದ ಆ ಒಂದೇ ಟೊಳ್ಳಿಗೆ ನೀರು ನುಗ್ಗಿತು. ಅಡ್ಡಗೋಡೆಯಿಲ್ಲ, ಫೋಮ್ ಇಲ್ಲ, ತಡೆಯಲು ಏನೂ ಇಲ್ಲ. ಮೂಗು ಕೆಳಗೆ ಮಾಡಿಕೊಂಡು ದೋಣಿ ಇಳಿದುಬಿಟ್ಟಿತು. ಭಾವನ ಮೈಮೇಲೆ ಜಾಕೆಟ್ಟು ಇತ್ತು. ಆದರೆ ಎಡಗಾಲು ಪೆಡಲಿನ ಕಂಬಿಗೆ ಸಿಕ್ಕಿಬಿದ್ದಿತ್ತು. ಕಾವಲು ದೋಣಿಯವರು ತಕ್ಷಣ ಹೋದರು, ನೀರಿಗೆ ಧುಮುಕಿದರು, ತಮ್ಮಿಂದ ಆಗುವುದನ್ನೆಲ್ಲ ಮಾಡಿದರು. ಕಾಲು ಬಿಡಿಸಿ ಮೇಲೆ ತರುವಾಗ ಹೊತ್ತು ಮೀರಿತ್ತು.

ಫೋಮ್ ಇದ್ದಿದ್ದರೆ ದೋಣಿ ಕೆಳಗೆ ಹೋಗುತ್ತಿರಲಿಲ್ಲ. ಕಾಲು ಸಿಕ್ಕಿಕೊಂಡೇ ಇರಲಿ, ಅವರ ತಲೆ ನೀರಿನ ಮೇಲೆ ಇರುತ್ತಿತ್ತು. ಬೈದುಕೊಂಡು ಕೂತಿರುತ್ತಿದ್ದರು. ನನಗಿದು ದಡದಲ್ಲಿ ನಿಂತಿದ್ದಾಗಲೇ ಗೊತ್ತಾಯಿತು, ಆಮೇಲೆ ಯೋಚಿಸಿ ತಿಳಿದುಕೊಂಡದ್ದಲ್ಲ.

ವಾಶಿಯ ಆಸ್ಪತ್ರೆಗೆ ಅಕ್ಕ ಮಗಳ ಜೊತೆ ಓಡಿ ಬಂದಳು. ಪೊಲೀಸ್ ಹವಾಲ್ದಾರ ಕಾಗದ ಹಿಡಿದುಕೊಂಡು ನನ್ನನ್ನು ಕೇಳುತ್ತಿದ್ದ, ಹೇಗಾಯಿತು, ದೋಣಿಯಲ್ಲಿ ದೋಷ ಇತ್ತಾ ಎಂದು. ಅಕ್ಕ ನನ್ನ ಪಕ್ಕದಲ್ಲೇ ಇದ್ದಳು. ಆಗ ನನ್ನ ಬಾಯಿಂದ ಆ ಮಾತು ಹೊರಟಿತು.

"ಹತ್ತು ಹನ್ನೆರಡು ದಿನದಿಂದ ಅವರು ಸರಿಯಾಗಿ ಊಟ ಮಾಡಿರಲಿಲ್ಲ. ತಲೆ ಸುತ್ತಿರಬೇಕು. ಹಿಡಿತ ತಪ್ಪಿತು."

ಹವಾಲ್ದಾರ ಬರೆದುಕೊಂಡ. ಅಕ್ಕ ನನ್ನ ಮುಖ ನೋಡಿದಳು. ನಿಜವಾ ಎಂದು ಅವಳು ಕೇಳಲಿಲ್ಲ. ಒಡಹುಟ್ಟಿದ ತಮ್ಮ ಹೇಳಿದ ಮೇಲೆ ಕೇಳುವುದೇನು! ಅಲ್ಲೇ ಗೋಡೆಗೆ ಒರಗಿ ಕೂತಳು. ಆ ಕ್ಷಣದಲ್ಲೇ ನಾನು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ.

ಆಮೇಲೆ ಎರಡು ವರ್ಷ ಆ ಮನೆಯಲ್ಲಿ ಭಾವ ಹೋದಂತೆ ಇರಲೇ ಇಲ್ಲ. ಬೆಳಿಗ್ಗೆ ಆರಕ್ಕೆ ಮುನಿಸಿಪಾಲಿಟಿ ನೀರು ಬಿಟ್ಟಾಗ ಕಟ್ಟಡದ ಕೆಳಗಿನ ಪಂಪು ಸುರುವಾಗುತ್ತದೆ, ಭಾವನೇ ಕೂರಿಸಿದ ಪಂಪು. ಅದು ಗುರ್ ಎಂದು ಎದ್ದಾಗ ಅಕ್ಕ ಅಡುಗೆ ಮನೆಗೆ ಹೋಗಿ ತಟ್ಟೆ ಇಡುತ್ತಿದ್ದಳು. ಅನ್ನ ಬಡಿಸುತ್ತಿದ್ದಳು. ಪಂಪು ನಿಂತಾಗ ತೆಗೆದು ಕಾಗೆಗೆ ಹಾಕುತ್ತಿದ್ದಳು. ಅವಳ ಕನಸಿನಲ್ಲಿ ಅವರು ಒದ್ದೆ ಬಟ್ಟೆಯಲ್ಲಿ ಬಂದು ಒಂದೇ ಸೌಟು ಎನ್ನುತ್ತಿದ್ದರಂತೆ. ಇದನ್ನು ನನಗೆ ಅಳದೆ, ಪಕ್ಕದ ಮನೆಯ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದಳು.

ನನಗೂ ಕಾಟ ತಪ್ಪಿರಲಿಲ್ಲ. ದೋಣಿಯನ್ನು ಮೇಲೆತ್ತಿ ನನ್ನ ಶೆಡ್ಡಿಗೇ ತಂದು ಹಾಕಿದ್ದರು. ನೀಲಿ ತಾಡಪಾಲು ಹೊದಿಸಿ ಅದರ ಕಡೆ ಬೆನ್ನು ಹಾಕಿ ಕೆಲಸ ಮಾಡುತ್ತಿದ್ದೆ. ನಟ್ಟ ನಡು ಮಧ್ಯಾಹ್ನ, ಪಕ್ಕದ ಮಗ್ಗದ ಕಾರ್ಖಾನೆಯ ಲೂಮುಗಳ ಸದ್ದು ಒಂದು ಗಳಿಗೆ ನಿಂತಾಗ, ತಾಡಪಾಲಿನ ಒಳಗಿಂದ ಗೆಣ್ಣಿನಿಂದ ಬಡಿದಂತೆ ಕೇಳುತ್ತಿತ್ತು. ಬಿಸಿಲಿಗೆ ಫೈಬರು ಹಿಗ್ಗುವ ಸದ್ದು ಅದು, ನನಗೆ ಗೊತ್ತು. ಗೊತ್ತಿದ್ದೂ ಹೊರಗೆ ಹೋಗಿ ರಸ್ತೆಯಲ್ಲಿ ನಿಲ್ಲುತ್ತಿದ್ದೆ. ಯಾವ ಟೆರೇಸಿನಲ್ಲಿ ಟಾಕಿಗೆ ಬಡಿದರೂ ಆ ಖಾಲಿ ಸದ್ದೇ ಬರುತ್ತಿತ್ತು. ಕೊನೆಗೆ ಬಡಿಯುವುದನ್ನೇ ಬಿಟ್ಟೆ, ಕಣ್ಣಿನಿಂದ ನೋಡಿ ಅಂದಾಜು ಹೇಳತೊಡಗಿದೆ.

ಅಕ್ಕ ಬೇರೆಯವರಿಗೆ ಅಡುಗೆ ಮಾಡುವುದನ್ನು ನಿಲ್ಲಿಸಲಿಲ್ಲ. ಭಾನುವಾರ ನಾನು ಹೋದರೆ ಪಲ್ಯ, ಸಾರು, ಮೀನು ಎಲ್ಲ ಇರುತ್ತಿತ್ತು. ತಾನು ಮಾತ್ರ ಚಹಾ ಮತ್ತು ಎರಡು ಖಾರಿ ಬಿಸ್ಕತ್ತು. ಕೇಳಿದರೆ, "ಹಸಿವೆ ಆಗುದಿಲ್ಲ ನಂಗೆ, ನೀನು ಉಣ್ಣು," ಎನ್ನುತ್ತಿದ್ದಳು. ಸೊಸೆ ಎನ್ನಬೇಕೋ ಮಗಳೆನ್ನಬೇಕೋ, ನನ್ನ ಅಕ್ಕನ ಮಗಳು ಐರೋಳಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಇಲ್ಲೇ ಹುಟ್ಟಿದವಳು, ನಾವು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಅವಳು ತೂಕದ ಯಂತ್ರ ತಂದಿಟ್ಟಳು.

"ಮಾಮಾ, ಅಮ್ಮ ಬಯಾಲೀಸ್ ಕಿಲೋ ಹೋ ಗಯೀ. ಪೆಹಲೇ ಅಠ್ಠಾವನ್ ಥೀ. ಕುಛ್ ಕರೋ ನಾ," ಎಂದು ಅತ್ತಳು. ಐವತ್ತೆಂಟು ಕಿಲೋ ಇದ್ದ ಅಕ್ಕ ನಲವತ್ತೆರಡಕ್ಕೆ ಇಳಿದಿದ್ದಳು, ಏನಾದರೂ ಮಾಡು ಎಂದು ಆ ಹುಡುಗಿ ಬೇಡುತ್ತಿದ್ದಳು.

ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಮಾಡಿದ್ದು ಮಾತ್ರ ಡಾಕ್ಟರ ಬಳಿ ಕರೆದುಕೊಂಡು ಹೋದದ್ದು. ಠಾಣೆಯ ನೌಪಾಡಾದಲ್ಲಿ ಒಬ್ಬರು ಒಳ್ಳೆಯ ಡಾಕ್ಟರಿದ್ದಾರೆಂದು ಯಾರೋ ಹೇಳಿದ್ದರು. ಆಕೆ ಎಲ್ಲ ಪರೀಕ್ಷೆ ಮಾಡಿಸಿ, ದೇಹದಲ್ಲಿ ಏನೂ ಕಾಯಿಲೆಯಿಲ್ಲ ಎಂದರು. ಆಮೇಲೆ ಅಕ್ಕನನ್ನು ಹೊರಗೆ ಕೂರಿಸಿ ನನ್ನನ್ನು ಒಳಗೆ ಕರೆದರು.

"ಇವರು ತಮಗೆ ತಾವೇ ಶಿಕ್ಷೆ ಕೊಟ್ಟುಕೊಳ್ತಾ ಇದ್ದಾರೆ. ಯಾತಕ್ಕೆ ಅಂತ ನಿಮಗೆ ಗೊತ್ತಿದೆಯಾ?" ಎಂದು ಕೇಳಿದರು.

"ಇಲ್ಲ," ಎಂದೆ. ಅಲ್ಲೂ ಸುಳ್ಳು!

ವಾಪಸು ಬರುವಾಗ ಠಾಣೆ ಸ್ಟೇಷನ್ನಿನಲ್ಲಿ ಮಧ್ಯಾಹ್ನದ ಹೊತ್ತಿಗೇ ಜನ. ಹಿಂದಿನ ಎರಡು ಗಾಡಿ ರದ್ದಾಗಿದ್ದವಂತೆ. ಗಾಡಿ ಬಂದ ಕೂಡಲೇ ಗುಂಪು ಅಲೆಯ ಹಾಗೆ ನುಗ್ಗಿತು. ನಾನು ಅಕ್ಕನ ಕೈ ಹಿಡಿದುಕೊಂಡಿದ್ದೆ. ಮುಂಬಯಿಯಲ್ಲಿ ಮೂವತ್ತು ವರ್ಷ ಗಾಡಿ ಹತ್ತಿದವಳು ಅವಳು, ಮೊಣಕೈ ಹೇಗೆ ಇಡಬೇಕೆಂದು ನನಗೇ ಕಲಿಸಿದವಳು. ಅವತ್ತು ಗುಂಪು ಅವಳನ್ನು ನೆಲದಿಂದ ಎತ್ತಿಬಿಟ್ಟಿತು. ಚಪ್ಪಲಿ ಕೆಳಗೆ ಉಳಿಯಿತು, ಅವಳು ಮೇಲೆ ಹೋದಳು. ಎರಡು ಕಾಲೂ ಗಾಳಿಯಲ್ಲಿ ನೇತಾಡುತ್ತಿದ್ದವು. ಯಾರ್ಯಾರದೋ ಭುಜಗಳ ನಡುವೆ ತೇಲಿಕೊಂಡು ಹೋಗಿ ಪ್ಲಾಟ್‌ಫಾರ್ಮಿನ ಕಂಬಕ್ಕೆ ಬಡಿದು ಬಿದ್ದಳು. ಗಾಡಿ ಹೋಯಿತು. ನಾನು ಓಡಿ ಹೋಗಿ ಎತ್ತಿದೆ. ಎತ್ತುವಾಗ ನನ್ನ ಕೈಗೆ ಏನೂ ಸಿಕ್ಕಿದಂತಾಗಲಿಲ್ಲ.

ಅವಳು ಹಣೆಯ ರಕ್ತ ಒರೆಸಿಕೊಂಡು ನಕ್ಕಳು. "ನಾನೂ ಹಗುರ ಆದೆ ನೋಡು. ಈಗ ನನ್ನನ್ನು ಕೂರಿಸಿದ್ರೆ ನಿಮ್ಮ ದೋಣಿ ಎಷ್ಟು ಜೋರು ಓಡ್ತಿತ್ತೇನೋ," ಎಂದಳು.

ಇನ್ನೊಂದು ಮಳೆಗಾಲ ಇವಳು ಕಾಣುವುದಿಲ್ಲ ಎಂದು ಆಗ ಖಾತ್ರಿಯಾಯಿತು. ಅವಳನ್ನು ರಿಕ್ಷಾದಲ್ಲೇ ಡೊಂಬಿವಲಿಗೆ ಕರೆತಂದೆ. ದಾರಿಯುದ್ದಕ್ಕೂ ಬಾಯಿ ತೆರೆಯುವುದು, ಮುಚ್ಚುವುದು ಮಾಡಿದೆ. ಮನೆಯಲ್ಲಿ ಅವಳ ಮಗಳು ರಜೆ ಹಾಕಿ ಕಾಯುತ್ತಿದ್ದಳು. ಅವಳು ಅಮ್ಮನ ಹಣೆಗೆ ಪಟ್ಟಿ ಹಾಕಿ ಮುಗಿಸುವವರೆಗೆ ಕಾದೆ.

"ಅಕ್ಕ, ಭಾವ ಹಸಿವೆಯಿಂದ ಹೋದದ್ದಲ್ಲ," ಎಂದೆ.

ಅವಳು ತಲೆ ಎತ್ತಲಿಲ್ಲ. ಸಮಾಧಾನದ ಮಾತು ಎಂದುಕೊಂಡಿರಬೇಕು.

"ಅವರಿಗೆ ತಲೆ ಸುತ್ತಿರ್ಲಿಲ್ಲ. ಗೆದ್ದು ಕೈ ಎತ್ತಿದ್ರು, ನಾನು ಕಣ್ಣಾರೆ ಕಂಡಿದ್ದೇನೆ. ದೋಣಿ ಕಲ್ಲಿಗೆ ಬಡೀತು. ಒಳಗೆ ಫೋಮ್ ಇರ್ಲಿಲ್ಲ. ನಾನು ತೆಗೆದಿದ್ದೆ. ಹೊಸತು ಹಾಕ್ಲಿಲ್ಲ. ಅದ್ಕೇ ಮುಳುಗಿತು. ಪೊಲೀಸಿನವನ ಹತ್ರ ನಾನು ಹೇಳಿದ್ದು ಸುಳ್ಳು."

ಅಕ್ಕ ಒಂದೊಂದಾಗಿ ಕೇಳಿದಳು, ಅಂಗಡಿಯಲ್ಲಿ ಸಾಮಾನು ಪರೀಕ್ಷಿಸುವ ಹಾಗೆ.

"ಅದು ಇದ್ದಿದ್ರೆ ದೋಣಿ ಮುಳುಗ್ತಿರ್ಲಿಲ್ವಾ?"

"ಇಲ್ಲ."

"ಅವರ ತಲೆ ಮೇಲೆ ಇರ್ತಿತ್ತಾ?"

"ಇರ್ತಿತ್ತು."

"ಅವರು ಹೊಟ್ಟೆ ತುಂಬ ಉಂಡು ಹೋಗಿದ್ರೂ ಹೀಗೇ ಆಗ್ತಿತ್ತಾ?"

"ಹೀಗೇ ಆಗ್ತಿತ್ತು ಅಕ್ಕ."

"ಇನ್ನೊಂದ್ಸಲ ಹೇಳು. ಇವಳಿಗೂ ಕೇಳ್ಲಿ."

ಮಗಳ ಎದುರು ಇನ್ನೊಂದು ಸಲ ಹೇಳಿದೆ. ಹಿಂದಿಯಲ್ಲೂ ಹೇಳಿದೆ. ಆ ಹುಡುಗಿ ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ಹೊಡೆಯುತ್ತಾರೆ ಎಂದುಕೊಂಡಿದ್ದೆ, ಹೊಡೆದರೆ ಸಾಕು ಎಂದು ಬೇಡುತ್ತಿದ್ದೆ. ಅಕ್ಕ ಎದ್ದು ಒಳಗೆ ಹೋದಳು. ಪಾತ್ರೆಯ ಸದ್ದಾಯಿತು. ಬೆಳಗಿನ ತಣ್ಣಗಿನ ಅನ್ನವನ್ನು ತಟ್ಟೆ ತುಂಬ ಹಾಕಿಕೊಂಡು, ಮೇಲೆ ಮೊಸರು ಸುರಿದುಕೊಂಡು ಬಂದು, ನನ್ನ ಎದುರೇ ನೆಲದ ಮೇಲೆ ಕೂತಳು. ಉಂಡಳು. ದೊಡ್ಡ ದೊಡ್ಡ ತುತ್ತು. ಗಂಟಲಿಗೆ ಸಿಕ್ಕಿ ಕೆಮ್ಮಿದಳು, ನೀರು ಕುಡಿದಳು, ಮತ್ತೆ ಉಂಡಳು. ಕಣ್ಣೀರು ಮೊಸರನ್ನಕ್ಕೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮಗಳು ಬಾಯಿಗೆ ದುಪಟ್ಟಾ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನನಗೆ ಸಂತೋಷವಾಯಿತು. ನಿಜವಾಗಿ ಹೇಳುತ್ತೇನೆ, ಆ ಎರಡು ವರ್ಷದಲ್ಲಿ ಅಂಥ ಸಂತೋಷ ನನಗೆ ಆಗಿರಲಿಲ್ಲ.

ತಟ್ಟೆ ಖಾಲಿಯಾದ ಮೇಲೆ ಅವಳು ನನ್ನ ಕಡೆ ನೋಡಿದಳು.

"ಎರಡು ವರ್ಷ," ಎಂದಳು, "ನಾನು ಚಹಾ ಕುಡಿದುಕೊಂಡು ಕೂತಿದ್ದೆ. ನೀನು ನನ್ನ ಎದುರು ಕೂತು ಹೊಟ್ಟೆ ತುಂಬ ಉಂಡೆ ಅಲ್ವಾ?"

ಹೌದು ಎಂದೆ.

ಅವಳು ಎದ್ದು ಇನ್ನಷ್ಟು ಅನ್ನ ಹಾಕಿಕೊಳ್ಳಲು ಒಳಗೆ ಹೋದಳು. ನಾನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದೆ. ಯಾರೂ ಕರೆಯಲಿಲ್ಲ.